ಗುಂಪು ಸೇರಿದಲ್ಲಿ ರುಚಿಯುಂಟೆ?

ರಜೆಯ ನಾಲ್ಕಾರು ದಿನಗಳನ್ನು ಕಡಲತೀರದ ಊರೊಂದರಲ್ಲಿ ಕಳೆಯಲು ಹೋದವರನ್ನು ಪ್ರತಿ ಸಂಜೆಯೂ ಎರಡು ಪ್ರಶ್ನೆಗಳು ಎದುರುಗೊಳ್ಳುತ್ತವೆ. ಊಟ ಎಲ್ಲಿ? ಊಟವಾದ ಮೇಲೆ ಸಂಗೀತ ಎಲ್ಲಿ? ಇವು ವಿಜ್ಞಾನದ ಪತ್ರಿಕೆಯಲ್ಲಿ ಚರ್ಚಿಸತಕ್ಕ ಪ್ರಶ್ನೆಗಳೇ ಎಂದು ವಾಚಕರು ಕೇಳಬಹುದು. ಆದರೆ ಅಪೂರ್ಣವಾದ ಮಾಹಿತಿಯಿಂದ, ಮಿತವಾದ ಕಾಲದಲ್ಲಿ, ಸರಿಯಾದ ನಿರ್ಣಯಕ್ಕೆ ಬರುವುದು ಹೇಗೆಂಬುದು ವಿಜ್ಞಾನದ ಮೂಲಪ್ರಶ್ನೆಗಳಲ್ಲಿ ಒಂದು. ಹೋಟೆಲಿನ ಆಯ್ಕೆಯಲ್ಲಿ ಅದೇ ಪ್ರಶ್ನೆ ಸಣ್ಣ ವೇಷ ತೊಟ್ಟು ನಿಂತಿದೆ. ಈ ಆಯ್ಕೆಯನ್ನು ನಾವು ಇಂದು ಬಹುಮಟ್ಟಿಗೆ ಗುಂಪಿಗೆ ಒಪ್ಪಿಸಿಬಿಟ್ಟಿದ್ದೇವೆ. ಬಾಗಿಲಲ್ಲಿ ನಿಂತ ಜನರ ಸಾಲನ್ನೂ ಮೊಬೈಲಿನಲ್ಲಿ ಕಾಣುವ ನಕ್ಷತ್ರಗಳ ಸಂಖ್ಯೆಯನ್ನೂ ನೋಡಿ ಒಳಗೆ ಹೆಜ್ಜೆಯಿಡುತ್ತೇವೆ. ಈ ಪದ್ಧತಿ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ತನ್ನ ನಾಲಗೆಯಿಂದಲೂ ಕಿವಿಯಿಂದಲೂ ತಾನೇ ಪರೀಕ್ಷಿಸಿ ನಿರ್ಣಯಿಸುವುದು ಪ್ರತಿಯೊಬ್ಬನಿಗೂ ಲಾಭಕರ. ಅಷ್ಟೇ ಅಲ್ಲ, ಅದು ನಾವು ಇತರರಿಗೆ ಸಲ್ಲಿಸಬೇಕಾದ ಒಂದು ಋಣವೂ ಹೌದು.

ಚರ್ಚೆ ಬರಿಯ ತರ್ಕವಾಗದಿರಲೆಂದು ನಿಜವಾದ ಊರೊಂದನ್ನು ಎದುರಿಗಿಟ್ಟುಕೊಳ್ಳೋಣ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಪ್ ಕಾಡ್ ಎಂಬ ಭೂಶಿರವು ಮಡಿಸಿದ ತೋಳಿನಂತೆ ಅಟ್ಲಾಂಟಿಕ್ ಸಾಗರಕ್ಕೆ ಚಾಚಿದೆ. ಆ ತೋಳಿನ ಮುಷ್ಟಿಯಲ್ಲಿರುವ ಊರು ಪ್ರಾವಿನ್ಸ್‌ಟೌನ್. ೧೬೨೦ರಲ್ಲಿ ಮೇಫ್ಲವರ್ ಹಡಗಿನ ವಲಸೆಗಾರರು ಪ್ಲಿಮತ್ತಿಗೆ ಹೋಗುವ ಮುನ್ನ ಮೊದಲು ಲಂಗರು ಹಾಕಿದ್ದು ಇಲ್ಲಿಯೇ. ಬಹುಕಾಲ ಇದು ಪೋರ್ಚುಗೀಸ್ ಮೂಲದ ಬೆಸ್ತರೂ ಬಾಳಿದ ಮೀನುಗಾರರ ಊರಾಗಿತ್ತು. ಅನಂತರ ಚಿತ್ರಕಾರರೂ ನಾಟಕಕಾರರೂ ಬಂದು ನೆಲಸಿದರು. ೨೦೨೦ರ ಜನಗಣತಿಯಂತೆ ಇಲ್ಲಿನ ನಿವಾಸಿಗಳು ೩,೬೬೪ ಜನ ಮಾತ್ರ. ಬೇಸಗೆಯಲ್ಲಿ ಪ್ರವಾಸಿಗಳು ಸೇರಿ ಈ ಸಂಖ್ಯೆ ಹಲವು ಮಡಿ ಏರುತ್ತದೆ. ಕಮರ್ಷಿಯಲ್ ಸ್ಟ್ರೀಟ್ ಎಂಬ ಒಂದೇ ಉದ್ದನೆಯ ಇಕ್ಕಟ್ಟಾದ ಬೀದಿ ಬಂದರಿನ ಅಂಚಿನಲ್ಲೇ ಸುಮಾರು ಮೂರು ಮೈಲಿ ಸಾಗುತ್ತದೆ. ಹೋಟೆಲುಗಳು ಬಹುಪಾಲು ಈ ಬೀದಿಯಲ್ಲೇ ಇವೆ. ಪಿಯಾನೋ ಬಾರುಗಳ ಪದ್ಧತಿಯೂ ಈ ಊರಿನಲ್ಲಿ ಬೇರೂರಿದೆ. ಪಾನಗೃಹದ ಮೂಲೆಯಲ್ಲೊಂದು ಪಿಯಾನೋ, ನುಡಿಸುವವನೊಬ್ಬ, ಸುತ್ತ ನಿಂತು ನಾಟಕಗಳ ಹಾಡುಗಳನ್ನು ಕೂಡಿ ಹಾಡುವ ಜನ. ಈ ಊರನ್ನು ತಮ್ಮ ಆಶ್ರಯವಾಗಿ ಮಾಡಿಕೊಂಡ ಸಲಿಂಗಪ್ರೇಮಿಗಳ ಸಮುದಾಯ ಈ ಹಾಡುವ ವಾಡಿಕೆಯನ್ನು ಅಕ್ಕರೆಯಿಂದ ಬೆಳೆಸಿದೆ. ಬಾಸ್ಟನ್ನಿನಿಂದ ವೇಗದ ದೋಣಿಯಲ್ಲಿ ಒಂದೂವರೆ ಗಂಟೆಯ ಹಾದಿಯಾದುದರಿಂದ, ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಓದುವ ನಮ್ಮವರಿಗೂ ಈ ಊರು ಎಟುಕುವಂತಹದು. ಪಾನದ ವಿಷಯ ಇಲ್ಲಿ ಅಪ್ರಕೃತ. ನಮಗೆ ಬೇಕಾದುದು ಪಿಯಾನೋ.

ಮೊದಲು ಬೀದಿಯನ್ನು ನೋಡೋಣ. ಮೂರು ಮೈಲಿ ಉದ್ದದ ಬೀದಿಯಿದ್ದರೂ ಹೋಟೆಲುಗಳು ನಡುಭಾಗದಲ್ಲೇ ಒತ್ತೊತ್ತಾಗಿ ಸೇರುವುದೇಕೆ? ದೋಣಿಗಳು ಬಂದು ನಿಲ್ಲುವ ಕಟ್ಟೆ ಅಲ್ಲಿದೆಯೆಂಬುದು ಒಂದು ಕಾರಣ. ಇನ್ನೊಂದನ್ನು ಹೆರಾಲ್ಡ್ ಹೋಟೆಲಿಂಗ್ ಎಂಬ ಅಮೆರಿಕದ ವಿದ್ವಾಂಸರು ೧೯೨೯ರಲ್ಲಿ ವಿವರಿಸಿದರು. ಒಂದು ನೇರವಾದ ಬೀದಿ. ಒಂದೇ ಬೆಲೆಗೆ ಒಂದೇ ಸರಕು ಮಾರುವ ಎರಡು ಅಂಗಡಿಗಳು. ಹತ್ತಿರದ ಅಂಗಡಿಗೆ ಹೋಗುವ ಗಿರಾಕಿಗಳು. ಗಿರಾಕಿಗಳ ನಡಿಗೆ ಅತ್ಯಂತ ಕಡಿಮೆಯಾಗಬೇಕಾದರೆ ಅಂಗಡಿಗಳು ಬೀದಿಯ ಕಾಲುಭಾಗದಲ್ಲೊಂದು, ಮುಕ್ಕಾಲುಭಾಗದಲ್ಲೊಂದು ಇರತಕ್ಕುದು. ಆದರೆ ಒಬ್ಬ ವ್ಯಾಪಾರಿ ತುಸು ನಡುವಿಗೆ ಸರಿದರೆ ಇನ್ನೊಬ್ಬನ ಗಿರಾಕಿಗಳಲ್ಲಿ ಕೆಲವರು ಅವನಿಗೆ ದೊರೆಯುತ್ತಾರೆ. ಇನ್ನೊಬ್ಬನೂ ಸುಮ್ಮನಿರುವುದಿಲ್ಲ. ಕೊನೆಗೆ ಇಬ್ಬರೂ ನಡುಬೀದಿಯಲ್ಲಿ ಮಗ್ಗುಲು ಮಗ್ಗುಲಾಗಿ ಕೂರುತ್ತಾರೆ. ಬೆಲೆಯ ಪೈಪೋಟಿಯನ್ನೂ ಲೆಕ್ಕಕ್ಕೆ ತಂದರೆ ಫಲಿತಾಂಶ ಬದಲಾಗಬಹುದೆಂದು ಮುಂದಿನವರು ತೋರಿಸಿದ್ದಾರೆ. ಅದೇನೇ ಇರಲಿ, ನಮಗೆ ಬೇಕಾದ ಪಾಠ ಇಷ್ಟು: ನಡುಬೀದಿಯಲ್ಲಿರುವುದು ಸ್ಥಳದ ಪೈಪೋಟಿಯ ಫಲ, ಅಡುಗೆಯ ಹದಕ್ಕೆ ಅದು ಸಾಕ್ಷಿಯಲ್ಲ.

ಇನ್ನು ಜನರ ಸಾಲಿನ ಸಂಗತಿ. “ಇಷ್ಟು ಜನ ಕಾದು ನಿಂತಿರುವಾಗ ಅಲ್ಲಿ ಏನೋ ಇರಲೇಬೇಕು” ಎಂಬ ವಾದ ಮೇಲುನೋಟಕ್ಕೆ ಬಲವಾದುದೇ. ಇದರ ಟೊಳ್ಳನ್ನು ೧೯೯೨ರಲ್ಲಿ ಅಭಿಜಿತ್ ಬ್ಯಾನರ್ಜಿ ಅವರು ಎರಡು ಹೋಟೆಲುಗಳ ದೃಷ್ಟಾಂತದಿಂದಲೇ ತೋರಿಸಿಕೊಟ್ಟರು. ೨೦೧೯ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡವರು ಇವರೇ. ಪಕ್ಕಪಕ್ಕದಲ್ಲಿ ‘ಅ’, ‘ಬ’ ಎಂಬ ಎರಡು ಹೋಟೆಲುಗಳಿವೆ ಎನ್ನಿ. ‘ಅ’ ಉತ್ತಮವಾಗಿರುವ ಸಂಭವ ನೂರಕ್ಕೆ ೫೧ ಎಂಬುದಷ್ಟೇ ಎಲ್ಲರಿಗೂ ಮೊದಲೇ ಗೊತ್ತು. ಇದಲ್ಲದೆ ನೂರು ಮಂದಿ ಗಿರಾಕಿಗಳಲ್ಲಿ ಒಬ್ಬೊಬ್ಬನಿಗೂ ಒಂದೊಂದು ಸ್ವಂತ ಸುಳಿವು ದೊರೆತಿದೆ. ಸುಳಿವುಗಳೆಲ್ಲ ಸಮಾನ ವಿಶ್ವಾಸಾರ್ಹತೆಯವು. ೯೯ ಜನರ ಸುಳಿವು ‘ಬ’ ಉತ್ತಮವೆನ್ನುತ್ತದೆ, ಒಬ್ಬನದು ಮಾತ್ರ ‘ಅ’ ಉತ್ತಮವೆನ್ನುತ್ತದೆ. ದೈವವಶಾತ್ ಆ ಒಬ್ಬನೇ ಎಲ್ಲರಿಗಿಂತ ಮೊದಲು ಬಂದು ‘ಅ’ವನ್ನು ಹೊಕ್ಕನು. ಎರಡನೆಯವನ ಸುಳಿವು ‘ಬ’ ಎನ್ನುತ್ತದೆ. ಮೊದಲನೆಯವನ ನಡೆ ‘ಅ’ ಎನ್ನುತ್ತದೆ. ಇವೆರಡೂ ಒಂದನ್ನೊಂದು ಕಳೆದುಕೊಂಡು, ಉಳಿದ ೫೧ರ ಬಲದಿಂದ ಅವನೂ ‘ಅ’ವನ್ನೇ ಹೊಗುತ್ತಾನೆ. ಗಮನಿಸಿರಿ: ಅವನ ಸುಳಿವು ಯಾವುದಾಗಿದ್ದರೂ ಅವನು ‘ಅ’ಕ್ಕೇ ಹೋಗುತ್ತಿದ್ದನು. ಆದುದರಿಂದ ಅವನ ನಡೆಯಿಂದ ಮೂರನೆಯವನಿಗೆ ಹೊಸದೇನೂ ತಿಳಿಯಲಿಲ್ಲ. ಮೂರನೆಯವನೂ ಎರಡನೆಯವನ ಸ್ಥಿತಿಯಲ್ಲೇ ಇದ್ದಾನೆ. ಹೀಗೆ ನೂರು ಜನವೂ ‘ಅ’ದಲ್ಲಿ ತುಂಬುತ್ತಾರೆ. ‘ಬ’ ಬರಿದಾಗುತ್ತದೆ. ೯೯ ಸುಳಿವುಗಳು ಯಾರಿಗೂ ತಿಳಿಯದೆ ಅವರವರ ಮನಸ್ಸಿನಲ್ಲೇ ಉಳಿದುಹೋದವು.

ಇಲ್ಲಿ ಯಾರೂ ಮೂರ್ಖರಲ್ಲ. ಪ್ರತಿಯೊಬ್ಬನೂ ತರ್ಕಬದ್ಧವಾಗಿಯೇ ನಡೆದಿದ್ದಾನೆ. ಆದರೂ ಒಟ್ಟು ಫಲ ತಪ್ಪಾಗಿದೆ. ನೂರು ಜನರ ಸಾಲು ಕಣ್ಣಿಗೆ ನೂರು ಸಾಕ್ಷಿಗಳಂತೆ ಕಂಡರೂ ಅದರಲ್ಲಿರುವುದು ಒಂದೇ ಸಾಕ್ಷಿ.

ಮೊಬೈಲಿನ ನಕ್ಷತ್ರಗಳು ಇದಕ್ಕಿಂತ ಮೇಲಲ್ಲವೆ, ಅವು ಊಟ ಮಾಡಿದವರ ಅಭಿಪ್ರಾಯಗಳಲ್ಲವೆ ಎಂದು ಕೇಳಬಹುದು. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಸ್ಕ್ರೂ ಗೇಜಿನಿಂದ ತಂತಿಯ ದಪ್ಪವನ್ನು ಅಳೆದವರಿಗೆ ಇದರ ಉತ್ತರ ಗೊತ್ತಿದೆ. ಒಂದೊಂದು ಅಳತೆಯಲ್ಲೂ ಇರುವ ಆಕಸ್ಮಿಕ ದೋಷಗಳು ಪರಸ್ಪರ ಸಂಬಂಧವಿಲ್ಲದವಾಗಿದ್ದರೆ, ನೂರು ಅಳತೆಗಳ ಸರಾಸರಿಯಲ್ಲಿ ದೋಷವು ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಉಪಕರಣದಲ್ಲೇ ಶೂನ್ಯದೋಷವಿದ್ದರೆ, ನೂರಲ್ಲ ಸಾವಿರ ಅಳತೆ ತೆಗೆದರೂ ಅದು ಇನಿತೂ ಕುಗ್ಗದು. ಮೊದಲು ಬಂದ ಅಂಕಗಳನ್ನು ನೋಡಿದ ಬಳಿಕ ತನ್ನ ಅಂಕವನ್ನು ಬರೆಯುವವನು ಶೂನ್ಯದೋಷವಿರುವ ಉಪಕರಣವಾಗಿರುತ್ತಾನೆ. ೨೦೧೩ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಲೆವ್ ಮುಚ್‌ನಿಕ್, ಸಿನಾನ್ ಅರಲ್, ಶಾನ್ ಟೇಲರ್ ಎಂಬ ಸಂಶೋಧಕರು ಒಂದು ಲಕ್ಷಕ್ಕೂ ಮಿಕ್ಕ ಬರಹದ ಟಿಪ್ಪಣಿಗಳಲ್ಲಿ ಕೆಲವನ್ನು ಆರಿಸಿ, ಅವಕ್ಕೆ ಪ್ರಾರಂಭದಲ್ಲೇ ಒಂದು ಕೃತಕ ಮೆಚ್ಚುಗೆಯನ್ನು ಸೇರಿಸಿದರು. ಆ ಒಂದೇ ಮೆಚ್ಚುಗೆಯಿಂದ ಅಂತಿಮ ಅಂಕ ಸರಾಸರಿ ಶೇಕಡ ೨೫ರಷ್ಟು ಏರಿತು.

ಸಂಗೀತದ ವಿಷಯದಲ್ಲೂ ಹೀಗೆಯೇ. ೨೦೦೬ರಲ್ಲಿ ಮ್ಯಾಥ್ಯೂ ಸಾಲ್ಗಾನಿಕ್ ಮತ್ತು ಸಂಗಡಿಗರು ೧೪,೦೦೦ಕ್ಕೂ ಹೆಚ್ಚು ಜನರಿಗೆ ಹೆಸರಿಲ್ಲದ ತಂಡಗಳ ೪೮ ಹಾಡುಗಳನ್ನು ಕೇಳಿಸಿದರು. ಒಂದು ಗುಂಪಿನವರು ಇತರರ ಆಯ್ಕೆಯನ್ನು ಕಾಣದೆ ತಾವೇ ನಿರ್ಣಯಿಸಿದರು. ಬೇರೆ ಎಂಟು ಗುಂಪುಗಳವರಿಗೆ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆಂಬ ಸಂಖ್ಯೆ ಕಾಣುತ್ತಿತ್ತು. ಸಂಖ್ಯೆ ಕಂಡಲ್ಲೆಲ್ಲ ಗೆದ್ದ ಹಾಡು ಇನ್ನಷ್ಟು ಗೆದ್ದಿತು, ಸೋತದ್ದು ಇನ್ನಷ್ಟು ಸೋತಿತು. ಆದರೆ ಯಾವ ಹಾಡು ಗೆಲ್ಲುವುದೆಂಬುದು ಗುಂಪಿನಿಂದ ಗುಂಪಿಗೆ ಬೇರೆಯಾಯಿತು. ತೀರ ಉತ್ತಮವಾದವು ಸೋತದ್ದೂ ತೀರ ಕಳಪೆಯಾದವು ಗೆದ್ದದ್ದೂ ಅಪರೂಪ. ನಡುವಿನವುಗಳ ಗತಿ ಮಾತ್ರ ಮೊದಲು ಬಂದವರ ಕೈಯಲ್ಲಿತ್ತು.

ಹಾಗೆಂದು ಗುಂಪಿನಿಂದ ಏನೂ ತಿಳಿಯುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಗಿರಾಕಿಗಳು ಹೆಚ್ಚಿರುವಲ್ಲಿ ಮೀನು ಬೇಗ ಖರ್ಚಾಗಿ ದಿನವೂ ಹೊಸದಾಗಿ ಬರುವ ಸಂಭವವುಂಟು. ಆದರೆ ಎಂತಹ ಗುಂಪೆಂಬುದನ್ನು ವಿಚಾರಿಸಬೇಕು. ಪ್ರವಾಸಿಗಳ ಊರಿನಲ್ಲಿ ಬಹುಪಾಲು ಗಿರಾಕಿಗಳು ಮತ್ತೆ ಬರುವವರಲ್ಲ; ಅವರನ್ನು ಎರಡನೆಯ ಸಲ ಕರೆತರುವ ಹಂಗು ಹೋಟೆಲಿನವನಿಗಿಲ್ಲ. ಚಳಿಗಾಲದಲ್ಲೂ ಆ ಊರಿನಲ್ಲೇ ಇದ್ದು ಒಂದೇ ಹೋಟೆಲಿಗೆ ಮರಳಿ ಮರಳಿ ಹೋಗುವ ಹತ್ತು ಜನ ನಿವಾಸಿಗಳ ಸಾಕ್ಷಿ, ಮೊದಲ ಬಾರಿಗೆ ಬಂದು ಸಾಲಿನಲ್ಲಿ ನಿಂತ ನೂರು ಜನರ ಸಾಕ್ಷಿಗಿಂತ ಹೆಚ್ಚು ಬೆಲೆಯುಳ್ಳದ್ದು. ಏಕೆಂದರೆ ಅವರು ತಿಂದು ನೋಡಿ ಮರಳಿದವರು.

ಹಾಗಾದರೆ ನಾವು ಮಾಡಬೇಕಾದುದೇನು? ತಿಂದು ನೋಡುವುದು. ಆದರೆ ಎಷ್ಟು ದಿನ ಹೊಸದನ್ನು ನೋಡಬೇಕು, ಯಾವಾಗ ಕಂಡದ್ದಕ್ಕೆ ಮರಳಬೇಕು? ಇದಕ್ಕೆ ಒಂದು ಲೆಕ್ಕವಿದೆ. ಹೋಟೆಲುಗಳ ಗುಣವು ಸೊನ್ನೆಯಿಂದ ನೂರರವರೆಗೆ ಸಮನಾಗಿ ಹರಡಿದೆಯೆಂದೂ, ಒಂದು ಸಲ ಉಂಡರೆ ಗುಣ ತಿಳಿಯುತ್ತದೆಂದೂ, ಬೇಕಾದಾಗ ಹಿಂದಿನ ಹೋಟೆಲಿಗೆ ಮರಳಬಹುದೆಂದೂ ಇಟ್ಟುಕೊಳ್ಳೋಣ. ಇದುವರೆಗೆ ಕಂಡ ಉತ್ತಮ ಹೋಟೆಲಿಗೆ ೬೦ ಅಂಕ ಕೊಟ್ಟಿದ್ದೀರಿ. ಈ ರಾತ್ರಿಯೂ ಸೇರಿ ನಾಲ್ಕು ರಾತ್ರಿಗಳು ಉಳಿದಿವೆ. ನಾಲ್ಕೂ ರಾತ್ರಿ ಅಲ್ಲಿಗೇ ಹೋದರೆ ದೊರೆಯುವುದು ೨೪೦ ಅಂಕ. ಬದಲಾಗಿ ಇಂದು ಹೊಸ ಹೋಟೆಲನ್ನು ಹೊಕ್ಕರೆ ಇಂದಿನ ಸರಾಸರಿ ನಿರೀಕ್ಷೆ ೫೦ ಮಾತ್ರ. ಆದರೆ ಆ ಹೋಟೆಲು ೬೦ನ್ನು ಮೀರುವ ಸಂಭವ ನೂರಕ್ಕೆ ೪೦. ಮೀರಿದರೆ ಅದರ ಸರಾಸರಿ ೮೦. ಮೀರದಿದ್ದರೆ ಹಳೆಯ ೬೦ ಹೇಗೂ ಇದೆ. ಆದ್ದರಿಂದ ಮುಂದಿನ ಮೂರು ರಾತ್ರಿಗಳಲ್ಲಿ ಒಂದೊಂದರ ನಿರೀಕ್ಷೆ ೬೮. ಒಟ್ಟು ಐವತ್ತು ಮತ್ತು ಇನ್ನೂರ ನಾಲ್ಕು, ಅಂದರೆ ೨೫೪. ಹೊಸದನ್ನು ನೋಡುವುದೇ ಮೇಲು. ಉಳಿದಿರುವುದು ಎರಡೇ ರಾತ್ರಿಯಾದರೆ? ಹಳೆಯದರಲ್ಲಿ ೧೨೦, ಹೊಸದರಲ್ಲಿ ಐವತ್ತು ಮತ್ತು ಅರುವತ್ತೆಂಟು ಸೇರಿ ೧೧೮. ಈಗ ಹಳೆಯದೇ ಮೇಲು. ಹೋಟೆಲು ಅದೇ, ಅಡುಗೆ ಅದೇ, ಅಂಕವೂ ಅದೇ. ಉಳಿದ ಕಾಲ ಬದಲಾದುದರಿಂದ ನಿರ್ಣಯ ತಿರುಗಿತು.

ಈ ಎರಡು ಮೊತ್ತಗಳೂ ಸಮನಾಗುವ ಅಂಕವನ್ನು ಒಂದು ವರ್ಗಸಮೀಕರಣದಿಂದ ಕಂಡುಹಿಡಿಯಬಹುದು. ವಾಚಕರು ಕಾಗದ ಪೆನ್ಸಿಲ್ ಹಿಡಿದು ತಾವೇ ಸಾಧಿಸಿ ನೋಡಲಿ. ಉತ್ತರ ಬಹು ಸರಳ. ಉಳಿದ ರಾತ್ರಿಗಳ ವರ್ಗಮೂಲವನ್ನು, ಅದಕ್ಕಿಂತ ಒಂದು ಹೆಚ್ಚಾದ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿ. ಒಂಬತ್ತು ರಾತ್ರಿ ಉಳಿದಿದ್ದರೆ ೭೫, ಆರು ಉಳಿದಿದ್ದರೆ ೭೧, ನಾಲ್ಕಕ್ಕೆ ೬೭, ಎರಡಕ್ಕೆ ೫೯, ಕೊನೆಯ ರಾತ್ರಿಗೆ ೫೦. ಕಂಡ ಹೋಟೆಲುಗಳಲ್ಲಿ ಉತ್ತಮವಾದುದು ಈ ಗಡಿಯನ್ನು ಮುಟ್ಟದಿದ್ದರೆ ಹೊಸದನ್ನು ಹುಡುಕಿರಿ. ಮುಟ್ಟಿದ್ದರೆ ಅಲ್ಲೇ ನಿಲ್ಲಿರಿ. ಹೋಟೆಲಿನಲ್ಲಿ ಮೆಚ್ಚಿದ ತಿನಿಸನ್ನೇ ತರಿಸಬೇಕೆ, ಹೊಸದನ್ನು ನೋಡಬೇಕೆ ಎಂಬ ಇಂತಹದೇ ಸಮಸ್ಯೆಯನ್ನು ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರೂ ಬಿಡಿಸಿದ್ದರು. ಗೆಳೆಯ ರಾಲ್ಫ್ ಲೇಟನ್ ಅವರೊಡನೆ ಊಟಕ್ಕೆ ಕುಳಿತಾಗ ಎದ್ದ ಪ್ರಶ್ನೆ ಅದು.

“ಮೊದಲ ಶೇಕಡ ೩೭ ಭಾಗವನ್ನು ಸುಮ್ಮನೆ ನೋಡಿ ಬಿಡು, ಅನಂತರ ಅವೆಲ್ಲಕ್ಕಿಂತ ಮೇಲಾದುದು ಕಂಡೊಡನೆ ಹಿಡಿ” ಎಂಬ ಪ್ರಸಿದ್ಧ ಸೂತ್ರವನ್ನು ಕೆಲವರು ಇಲ್ಲಿಗೂ ಅನ್ವಯಿಸುತ್ತಾರೆ. ೧೯೬೦ರಲ್ಲಿ ಮಾರ್ಟಿನ್ ಗಾರ್ಡ್‌ನರ್ ಅವರ ಅಂಕಣದಿಂದ ಜನಪ್ರಿಯವಾದ ಈ ಸೂತ್ರ ನಿಜವಾದುದೇ. ಆದರೆ ಬಿಟ್ಟದ್ದಕ್ಕೆ ಮತ್ತೆ ಮರಳುವಂತಿಲ್ಲದ ಸಂದರ್ಭಕ್ಕೆ ಮಾತ್ರ ಅದು ಸಲ್ಲುತ್ತದೆ. ಬಿಟ್ಟ ಹೋಟೆಲು ಮಾರನೆಯ ದಿನವೂ ಅಲ್ಲೇ ಇರುತ್ತದಷ್ಟೆ? ಸೂತ್ರವನ್ನು ಬಳಸುವ ಮುನ್ನ ಅದರ ಷರತ್ತುಗಳನ್ನು ಓದಬೇಕೆಂಬುದು ಪರೀಕ್ಷೆಗೆ ಮಾತ್ರ ಸೀಮಿತವಾದ ನಿಯಮವಲ್ಲ.

ಮೇಲಿನ ಲೆಕ್ಕದಿಂದ ಇನ್ನೊಂದು ಸಂಗತಿ ಹೊರಡುತ್ತದೆ. ಮೊದಲ ರಾತ್ರಿ ದೊರೆತ ಕೆಟ್ಟ ಊಟ ನಷ್ಟವಲ್ಲ. ಅದು ತಿಳಿವಳಿಕೆಗೆ ತೆತ್ತ ಬೆಲೆ, ಅದರ ಪ್ರಯೋಜನ ಉಳಿದ ರಾತ್ರಿಗಳಿಗೆಲ್ಲ ಹರಡುತ್ತದೆ. ಕೊನೆಯ ರಾತ್ರಿ ಮಾಡಿದ ಪ್ರಯೋಗದಿಂದ ಮಾತ್ರ ನಮಗೆ ಮುಂದೆ ಪ್ರಯೋಜನವಿಲ್ಲ. ಆದರೂ ಜನ ಇದಕ್ಕೆ ವಿರುದ್ಧವಾಗಿ ನಡೆಯುತ್ತಾರೆ. ಬಂದ ದಿನ ಅಂಜಿಕೆಯಿಂದ ಗುಂಪನ್ನು ಹಿಂಬಾಲಿಸಿ, ಹೊರಡುವ ದಿನ ಧೈರ್ಯ ತಂದುಕೊಂಡು ಹೊಸ ಬಾಗಿಲನ್ನು ತಟ್ಟುತ್ತಾರೆ.

ಈಗ ಪಿಯಾನೋ ಬಾರಿನ ಕಡೆ ತಿರುಗೋಣ. ಇಲ್ಲಿ ಸಮಸ್ಯೆ ಇನ್ನೂ ತೊಡಕಿನದು, ಏಕೆಂದರೆ ಇಲ್ಲಿ ಗುಂಪೇ ರುಚಿಯ ಒಂದು ಅಂಶ. ಕೂಡಿ ಹಾಡಲು ಜನ ಬೇಕು. ಜನ ಮಿತಿಮೀರಿದರೆ ಹಾಡು ಗದ್ದಲದಲ್ಲಿ ಮುಳುಗುತ್ತದೆ. ೧೯೯೪ರಲ್ಲಿ ಬ್ರಯನ್ ಆರ್ಥರ್ ಅವರು ಅಮೆರಿಕದ ಸಾಂಟಾ ಫೆ ಊರಿನ ಎಲ್ ಫರೋಲ್ ಎಂಬ ಬಾರಿನ ಸಂಗೀತದ ರಾತ್ರಿಗಳನ್ನು ಕುರಿತು ಈ ಪ್ರಶ್ನೆಯನ್ನು ಎತ್ತಿದರು. ನೂರು ಜನರಲ್ಲಿ ೬೦ಕ್ಕಿಂತ ಕಡಿಮೆ ಜನ ಬಂದರೆ ಸುಖ, ಹೆಚ್ಚಾದರೆ ಕಷ್ಟವೆನ್ನಿ. ಇಂದು ಜನ ಕಡಿಮೆಯೆಂದು ಎಲ್ಲರೂ ಊಹಿಸಿದರೆ ಎಲ್ಲರೂ ಬಂದು ಊಹೆಯನ್ನು ಸುಳ್ಳುಮಾಡುತ್ತಾರೆ. ಜನ ಹೆಚ್ಚೆಂದು ಎಲ್ಲರೂ ಊಹಿಸಿದರೆ ಯಾರೂ ಬಾರದೆ ಅದನ್ನೂ ಸುಳ್ಳುಮಾಡುತ್ತಾರೆ. ಎಲ್ಲರೂ ಒಟ್ಟಿಗೆ ಹಿಡಿಯಬಹುದಾದ ಸರಿಯಾದ ಊಹೆ ಇಲ್ಲಿ ಸಾಧ್ಯವೇ ಇಲ್ಲ. ಆದರೆ ಜನ ಬೇರೆ ಬೇರೆ ರೀತಿಯಲ್ಲಿ ಊಹಿಸಿದಾಗ ಏನಾಗುತ್ತದೆಂದು ಆರ್ಥರ್ ಅವರು ಗಣಕಯಂತ್ರದಲ್ಲಿ ಪರೀಕ್ಷಿಸಿದರು. ಬಂದವರ ಸಂಖ್ಯೆ ೬೦ರ ಆಸುಪಾಸಿನಲ್ಲೇ ಸುಳಿದಾಡಿತು. ಅಭಿಪ್ರಾಯಗಳ ವೈವಿಧ್ಯವೇ ಅಲ್ಲಿ ವ್ಯವಸ್ಥೆಯನ್ನು ಕಾಪಾಡಿತು.

ಬಾಗಿಲಲ್ಲಿ ನಿಂತವನು ಒಳಗಿನ ಸ್ಥಿತಿಯನ್ನು ಕಿವಿಯಿಂದಲೇ ಅಳೆಯಬಹುದು. ಗದ್ದಲದಲ್ಲಿ ಮನುಷ್ಯನು ತನಗರಿವಿಲ್ಲದೆಯೇ ದನಿಯೇರಿಸುತ್ತಾನೆಂದು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ ೧೯೧೧ರಲ್ಲಿ ತೋರಿಸಿದರು. ಒಬ್ಬನ ಏರುದನಿ ಪಕ್ಕದವನಿಗೆ ಗದ್ದಲ, ಅವನೂ ಏರಿಸುತ್ತಾನೆ, ಹೀಗೆ ಗದ್ದಲ ತನ್ನನ್ನು ತಾನೇ ಪೋಷಿಸಿಕೊಳ್ಳುತ್ತದೆ. ಕೋಣೆಯ ಗೋಡೆಗಳೂ ಇದರಲ್ಲಿ ಪಾಲುಗೊಳ್ಳುತ್ತವೆ. ಕೊಲ್ಲಿಯಾಚೆಯ ಬಾಸ್ಟನ್ನಿನ ಬಳಿಯಿರುವ ಹಾರ್ವರ್ಡಿನಲ್ಲಿ, ೧೮೯೫ರಿಂದ ವ್ಯಾಲೇಸ್ ಸಾಬೈನ್ ಎಂಬ ಭೌತವಿಜ್ಞಾನಿ ರಾತ್ರಿಗಳಲ್ಲಿ ಆಸನದ ಮೆತ್ತೆಗಳನ್ನು ಕೋಣೆಯೊಳಕ್ಕೆ ಹೊತ್ತು ತಂದಿರಿಸಿ, ಅನುರಣನ ಎಷ್ಟು ಹೊತ್ತು ನಿಲ್ಲುತ್ತದೆಂದು ಅಳೆದರು. ಕೋಣೆಯ ಘನಗಾತ್ರ ಹೆಚ್ಚಿದಂತೆ ಅನುರಣನ ಹೆಚ್ಚುತ್ತದೆ, ಧ್ವನಿಯನ್ನು ಹೀರುವ ವಸ್ತುಗಳು ಹೆಚ್ಚಿದಂತೆ ಕಡಿಮೆಯಾಗುತ್ತದೆ ಎಂಬ ನಿಯಮ ಹೊರಬಿದ್ದದ್ದು ಹಾಗೆ. ಗಾಜು, ಹೆಂಚು, ಬರಿಯ ಗೋಡೆಗಳಿರುವ ಕೋಣೆಯಲ್ಲಿ ನಾದಕ್ಕಿಂತ ಗದ್ದಲವೇ ಉಳಿಯುತ್ತದೆ. ಪರದೆ, ಮೆತ್ತೆ, ಮರಗಳಿರುವ ಕೋಣೆ ಹಾಡಿಗೆ ಒದಗುತ್ತದೆ. ಒಂದು ತೋಳಿನ ದೂರದಲ್ಲಿರುವ ಗೆಳೆಯನೊಡನೆ ದನಿಯೇರಿಸಿಯೇ ಮಾತನಾಡಬೇಕಾದರೆ ಅಲ್ಲಿನ ಶಬ್ದ ಬಹುಶಃ ೮೫ ಡೆಸಿಬೆಲ್ಲನ್ನು ದಾಟಿದೆಯೆಂದು ತಿಳಿಯಿರಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ ಆ ಮಟ್ಟದಲ್ಲಿ ದಿನಕ್ಕೆ ಎಂಟು ಗಂಟೆ ಮೀರಬಾರದು. ಪ್ರತಿ ೩ ಡೆಸಿಬೆಲ್ ಏರಿಕೆಗೂ ಅವಧಿ ಅರ್ಧಕ್ಕಿಳಿಯುತ್ತದೆ. ೧೦೦ ಡೆಸಿಬೆಲ್ಲಿನಲ್ಲಿ ಉಳಿಯುವುದು ಹದಿನೈದೇ ನಿಮಿಷ. ಕಿವಿಯ ಒಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ. ಎಷ್ಟೇ ನಕ್ಷತ್ರಗಳಿರಲಿ, ಇಂತಹ ಕೋಣೆಯಿಂದ ಹೊರಬರುವುದೇ ವಿವೇಕ.

ಒಳ್ಳೆಯ ಕೋಣೆಯೇ ಆಗಿದ್ದರೆ ಪಿಯಾನೋವಿನ ಕಡೆ ಕಿವಿಗೊಡಿರಿ. ಅದರಲ್ಲಿ ಸುಮಾರು ೨೩೦ ತಂತಿಗಳಿವೆ. ಬಹುಪಾಲು ಸ್ವರಗಳಿಗೆ ಮೂರು ಮೂರು ತಂತಿಗಳು. ಕಡಲ ಗಾಳಿಯ ತೇವವನ್ನು ಹೀರಿ ಅದರ ಮರದ ನಾದಫಲಕ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ತಂತಿಗಳ ಬಿಗಿತ ಅದರೊಡನೆ ಏರಿಳಿಯುತ್ತದೆ. ಒಂದೇ ಸ್ವರದ ತಂತಿಗಳಲ್ಲಿ ಒಂದು ಸೆಕೆಂಡಿಗೆ ೪೪೦ ಸಲವೂ ಇನ್ನೊಂದು ೪೪೧ ಸಲವೂ ಕಂಪಿಸಿದರೆ, ನಾದವು ಸೆಕೆಂಡಿಗೊಮ್ಮೆ ಏರಿ ಇಳಿದು ಮಿಡಿಯುತ್ತದೆ. ಭೌತಶಾಸ್ತ್ರದಲ್ಲಿ ವಿಸ್ಪಂದವೆಂದು ಓದಿದ್ದು ಇದನ್ನೇ. ತಂಬೂರಿಯ ಶ್ರುತಿ ಮಾಡುವವರು ಕಿವಿಯಿಟ್ಟು ಆಲಿಸುವುದೂ ಇದನ್ನೇ. ಬಿಡಿಸ್ವರವೊಂದು ಮಿಡಿಯದೆ ನಿಂತರೆ, ಯಾರೋ ಈ ವಾದ್ಯವನ್ನು ಇತ್ತೀಚೆಗೆ ಶ್ರದ್ಧೆಯಿಂದ ಶ್ರುತಿಗೊಳಿಸಿದ್ದಾರೆಂದು ತಿಳಿಯಬಹುದು. ಕಡಲೂರಿನಲ್ಲಿ ಅಷ್ಟು ಶ್ರದ್ಧೆಯುಳ್ಳ ಮನೆಯಲ್ಲಿ ಒಂದು ಸಂಜೆ ಕೂರುವುದಕ್ಕೆ ನಾನಂತೂ ಹಿಂಜರಿಯೆನು.

ಪ್ರಾವಿನ್ಸ್‌ಟೌನಿಗೆ ಈ ವಾಚಕರಲ್ಲಿ ಹೆಚ್ಚಿನವರು ಹೋಗಲಾರರು. ಗೋಕರ್ಣಕ್ಕೋ ಮಲ್ಪೆಗೋ ಹೋದಾರು. ಆದರೆ ವಿಷಯ ರಜೆಗೆ ಮಾತ್ರ ಸಂಬಂಧಿಸಿದುದಲ್ಲ. ಕಾಲೇಜಿನಲ್ಲಿ ಯಾವ ವಿಷಯವನ್ನು ಓದಬೇಕೆಂಬ ಪ್ರಶ್ನೆ ಎದುರಾದಾಗ ಎಷ್ಟೋ ವಿದ್ಯಾರ್ಥಿಗಳು ತಮ್ಮ ಒಲವಿನ ಸುಳಿವನ್ನು ಬದಿಗಿಟ್ಟು ಉದ್ದನೆಯ ಸಾಲನ್ನು ಹುಡುಕಿ ನಿಲ್ಲುತ್ತಾರೆ. ಸಾಲಿನಲ್ಲಿ ಮುಂದೆ ನಿಂತವನೂ ಹಾಗೆಯೇ ಬಂದವನೆಂಬುದು ಅವರಿಗೆ ತಿಳಿಯದು. ಹೀಗಾದಾಗ ನಷ್ಟ ಒಬ್ಬನದಲ್ಲ. ತನ್ನ ಸುಳಿವನ್ನು ಮುಚ್ಚಿಟ್ಟುಕೊಂಡ ಪ್ರತಿಯೊಬ್ಬನೂ ಹಿಂದೆ ಬರುವವರಿಗೆ ದೊರೆಯಬೇಕಾಗಿದ್ದ ಒಂದು ಸಾಕ್ಷಿಯನ್ನು ಅಳಿಸಿದಂತಾಯಿತು. ಸ್ವತಂತ್ರವಾಗಿ ನೋಡಿ, ಕಂಡದ್ದನ್ನು ಕಂಡಂತೆ ಹೇಳುವ ಜನರಿಲ್ಲದಿದ್ದರೆ ವಿಜ್ಞಾನವೂ ಬೆಳೆಯದು, ಒಳ್ಳೆಯ ಹೋಟೆಲೂ ಉಳಿಯದು.

ಆದುದರಿಂದ ಮುಂದಿನ ರಜೆಗೆ ಹೊರಡುವಾಗ ಒಂದು ಸಣ್ಣ ಟಿಪ್ಪಣಿಪುಸ್ತಕವನ್ನು ಜೊತೆಗಿಟ್ಟುಕೊಳ್ಳಿರಿ. ಉಂಡ ಕೂಡಲೆ ನಿಮ್ಮ ಅಂಕವನ್ನು ಅದರಲ್ಲಿ ಬರೆಯಿರಿ. ಮೊಬೈಲಿನಲ್ಲಿರುವ ಅಂಕವನ್ನು ನೋಡುವುದು ಅನಂತರ. ನಿಮ್ಮದೂ ಅದೂ ಬೇರೆಯಾಗಿದ್ದರೆ ನಿಮ್ಮದನ್ನು ತಿದ್ದಬೇಡಿರಿ. ಯಾರಾದರೂ ಕೇಳಿದಾಗ ಆ ಅಂಕವನ್ನೇ ಹೇಳಿರಿ.